ಬೀಗ ರಿಪೇರಿಯವರ ಮಣಿಕಟ್ಟು

ಬೀಗ ರಿಪೇರಿಯವರು ಬಚ್ಚಲುಮನೆಯಲ್ಲಿ ಸಿಕ್ಕಿಕೊಂಡು ಅರ್ಧ ಗಂಟೆಯಾಗಿತ್ತು.

ಊರ ಬೀಗಗಳನ್ನೆಲ್ಲ ಸರಿಮಾಡಿದವರಿಗೆ ತಮ್ಮ ಬಚ್ಚಲಿನದಕ್ಕೆ ಬಿಡುವು ಸಿಕ್ಕಿರಲಿಲ್ಲ. ಒಂದು ಕೈಯಲ್ಲಿ ಬಾಗಿಲನ್ನು ಒಳಕ್ಕೆ ಎಳೆದು ಹಿಡಿದು, ಇನ್ನೊಂದರಲ್ಲಿ ಹಿಡಿ ತಿರುಗಿಸಿದರೆ ಮಾತ್ರ ಅದು ತೆರೆಯುತ್ತಿತ್ತು. ಅವರ ಬಲಗೈಯೋ, ಏಣಿಯಿಂದ ಬಿದ್ದು ಮಣಿಕಟ್ಟು ಮುರಿದು, ಆಪರೇಷನ್ನಿನಲ್ಲಿ ಪ್ಲೇಟು ಕೂರಿಸಿಕೊಂಡು, ಆರು ವಾರದಿಂದ ಎಳೆಗೂಸಿನಂತೆ ಎದೆಗೆ ಒರಗಿ ಮಲಗಿತ್ತು.

ವ್ಯಾಯಾಮ ಹೇಳಿಕೊಡಲು ಬಂದ ಫಿಸಿಯೋಥೆರಪಿಯ ಹುಡುಗಿ ಬಾಗಿಲಾಚೆ ಸ್ಟೂಲು ಎಳೆದುಕೊಂಡು ಕೂತಳು. ಹಿಂದೆ ಎರಡು ಸಲ ಬಂದಾಗಲೂ ಅವರು ಹಿಂಬಾಗಿಲಿನಿಂದ ಜಾರಿಕೊಂಡಿದ್ದರು.

"ಮಾಮ, ಇವತ್ತು ಸಿಕ್ಕಿಬಿದ್ರಿ. ಡಾಕ್ಟರು ಕೈ ಆಡಿಸಿ ಅಂದಿದ್ರಲ್ಲ, ಯಾಕೆ ಆಡಿಸ್ಲಿಲ್ಲ?"

"ನಂಗೆ ಪಾಠ ಹೇಳ್ಬೇಡ ತಾಯಿ. ಮೂವತ್ತು ವರ್ಷ ಸ್ಕ್ರೂ ಜೊತೆ ಬದುಕಿದೋನು ನಾನು. ಆಡಿಸಿದಷ್ಟೂ ಸಡಿಲ ಆಗುತ್ತೆ. ಒಳಗೆ ಏಳು ಸ್ಕ್ರೂ ಇದೆ. ಒಂದು ಉದುರಿದ್ರೆ ಎಲ್ಲಿ ಅಂತ ಹುಡುಕ್ಲಿ?"

ಪಕ್ಕದಲ್ಲೇ ನಿಂತಿದ್ದ ಹೆಂಡತಿ ನಡುವೆ ಬಾಯಿ ಹಾಕಿದರು. "ಆರು ವಾರ ತುತ್ತು ಇಟ್ಟಿದ್ದೀನಮ್ಮ. ಅವರ ಸ್ಕ್ರೂ ಭದ್ರವಾಗಿದೆ, ನಂದೇ ಸಡಿಲ ಆಗಿರೋದು."

"ಮೂಳೆ ಕೂಡ್ಕೊಳ್ತಿದೆ ಅಂತ ಡಾಕ್ಟರು ಎಕ್ಸ್‌ರೇ ನೋಡೇ ಹೇಳಿದ್ದು ಮಾಮ. ಅವರು ಹೇಳಿದಷ್ಟು ಮೆಲ್ಲಗೆ ಆಡಿಸಿ. ಸುಮ್ನೆ ಬಿಟ್ರೆ ಕೀಲು ಬಿಗಿದುಬಿಡುತ್ತೆ. ಹೋದ ವರ್ಷ ನಮ್ಮ ಗೇಟಿನ ಬೀಗ ತಂದಾಗ ನನಗೆ ಏನಂತ ಬೈದಿದ್ರಿ?"

ಒಳಗಿನ ದನಿ ಮೆತ್ತಗಾಯಿತು.

"ತಿಂಗಳುಗಟ್ಟಲೆ ತಿರುಗಿಸದೆ ಇಟ್ರೆ ಹಿಡ್ಕೊಳ್ದೆ ಇನ್ನೇನಾಗುತ್ತೆ ಅಂದಿದ್ದೆ." ಆಮೇಲೆ ದನಿ ಇನ್ನೂ ತಗ್ಗಿತು. "ನಿನ್ನೆ ಯಾರೂ ಇಲ್ದಾಗ ಬೀಗದ ಕೈ ಹಿಡಿದು ನೋಡ್ದೆ ತಾಯಿ. ತಿರುಗ್ಲಿಲ್ಲ. ಇನ್ನು ಅಂಗಡಿ ಮುಚ್ಚೋದೇ ಅಂದ್ಕೊಂಡೆ."

"ಕಾಲ ಮೀರಿಲ್ಲ ಮಾಮ. ಮೊಣಕೈ ಪಕ್ಕೆಗೆ ಅಂಟಿಸಿ. ಅಂಗೈ ಮೇಲಕ್ಕೆ. ಈಗ ಕೆಳಕ್ಕೆ. ಮೆಲ್ಲಗೆ ಹತ್ತು ಸಲ. ಬಿಗಿದ ಹಾಗೆ ಅನ್ನಿಸುತ್ತೆ, ಜೋರು ನೋವು ಬಂದ್ರೆ ನಿಲ್ಲಿಸಿ."

"ಅದಿರಲಿ, ಈ ಬಾಗಿಲು?"

"ಹೊರಗಿಂದ ನಾನು ಒತ್ತಿ ಹಿಡಿದ್ರೆ ಎಡಗೈಯಲ್ಲೇ ತೆಗೀಬಹುದು," ಎಂದರು ಹೆಂಡತಿ.

"ಮೊದಲೇ ಹೇಳ್ಬಾರದಿತ್ತಾ?"

"ಹೇಳಿದ್ರೆ ನೀವು ಕೂತು ಕೇಳ್ತಿದ್ರಾ? ಎಣಿಸಿ, ನನಗೆ ಕೇಳಿಸೋ ಹಾಗೆ."

ಒಳಗಿನಿಂದ ಜಪದ ಹಾಗೆ ಕೇಳಿಬಂತು: ಒಂದು, ಎರಡು, ಮೂರು.

ದಿನಕ್ಕೆ ನಾಲ್ಕು ಹೊತ್ತು ಆ ಜಪ ನಡೆಯಿತು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಂಗಡಿಯ ಬೀಗವನ್ನು ಬಲಗೈಯೇ ತೆರೆಯಿತು. ಬಚ್ಚಲಿನದನ್ನು ಮಾತ್ರ ಹೆಂಡತಿ ಸರಿಮಾಡಗೊಡಲಿಲ್ಲ. "ಇರಲಿ, ಮುಂದೆಂದಾದರೂ ಬೇಕಾಗುತ್ತೆ."

ಓದುತ್ತಿರುವವರೇ, ನಿಮ್ಮ ಮನೆಯಲ್ಲಿ ಮಣಿಕಟ್ಟಿಗೆ ಪ್ಲೇಟು ಹಾಕಿಸಿಕೊಂಡವರು ಇದ್ದಾರೆಯೇ? ಪ್ಲೇಟು ಮೂಳೆಯನ್ನು ಹಿಡಿದಿಡುತ್ತದೆ. ತಿರುಗುವುದನ್ನು ಕೈ ಮತ್ತೆ ಕಲಿಯಬೇಕು. ಬೆರಳನ್ನು ಎಂದಿನಿಂದ, ಮಣಿಕಟ್ಟನ್ನು ಎಂದಿನಿಂದ ಆಡಿಸಬೇಕೆಂದು ಡಾಕ್ಟರನ್ನೇ ಕೇಳಿ. ಅವರು ಹೇಳುವ ತನಕ ಭಾರ ಎತ್ತಬೇಡಿ. ಬಾವು ಹೆಚ್ಚಿದರೆ, ಬೆರಳು ಜೋಮು ಹಿಡಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಈ ಕಾಗದ ಕೆಳಗಿಡುವ ಮೊದಲು ಪ್ಲೇಟು ಹಾಕಿಸಿಕೊಂಡವರನ್ನೊಮ್ಮೆ ಕೇಳಿಬಿಡಿ: ಇವತ್ತು ಎಷ್ಟು ಎಣಿಸಿದಿರಿ?