ಜೇನು ಸಂಘದ ಟೈಪ್‌ರೈಟರ್

ರಿಪ್ಪನ್‌ಪೇಟೆಯ ಜೇನು ಸಾಕಣೆದಾರರ ಸಂಘದಲ್ಲಿದ್ದ ಟೈಪ್‌ರೈಟರಿನಷ್ಟು ಹಟಮಾರಿ ಯಂತ್ರ ಈ ಭೂಮಂಡಲದಲ್ಲಿ ಇನ್ನೊಂದು ಹುಟ್ಟಲಿಲ್ಲ, ಇನ್ನು ಹುಟ್ಟುವುದೂ ಇಲ್ಲ. ಅದನ್ನು ಎತ್ತಿ ಪಕ್ಕಕ್ಕಿಡಲು ನಾಲ್ಕು ಆಳು ಬೇಕಿತ್ತು, ಅಷ್ಟು ಹೊತ್ತು ಮೇಜು ಮೇಲೆ ಹಾರಿಹೋಗದಂತೆ ಹಿಡಿದುಕೊಳ್ಳಲು ಐದನೆಯವನು. ಕೆಳದಿಯ ಅರಸರು ಯುದ್ಧಕ್ಕೆಂದು ಮಾಡಿಸಿ, ಆನೆ ಹೊರಲಾರೆ ಎಂದು ಕೂತದ್ದರಿಂದ ಅರ್ಧ ದಾರಿಯಲ್ಲೇ ಬಿಟ್ಟುಹೋದ ಸಾಮಾನು ಅದು ಎಂದು ಜವಾನ ಹುಲಿಯಪ್ಪ ಹೊಸಬರಿಗೆ ಹೇಳುತ್ತಿದ್ದ. ಅರ್ಧ ಜನ ನಂಬುತ್ತಿದ್ದರು. ಉಳಿದರ್ಧ ಜನ ಅದನ್ನು ಎತ್ತಲು ಹೋಗಿ ಆಮೇಲೆ ನಂಬುತ್ತಿದ್ದರು. ಅದರಲ್ಲಿ ಒಂದು ಕಾಗದ ಹೊಡೆದರೆ ಎದುರು ಹೋಟೆಲಿನ ಲೋಟಗಳು ಕುಣಿದು, ಒಂದರ ಚಹಾ ಇನ್ನೊಂದಕ್ಕೆ ಬೀಳುತ್ತಿತ್ತು.

ಇಂಥ ಯಂತ್ರ ಜಗತ್ತಿನಲ್ಲಿ ಒಬ್ಬಳ ಮಾತು ಮಾತ್ರ ಕೇಳುತ್ತಿತ್ತು. ಅವಳು ವನಮಾಲಾ, ಸಂಘದ ಟೈಪಿಸ್ಟು. ಹನ್ನೊಂದು ವರ್ಷದಿಂದ ಅದರ ಮುಂದೆ ಕೂತು, ಅದರ ಒಂದೊಂದು ರೋಗವನ್ನೂ ಅವಳು ಬಲ್ಲವಳಾಗಿದ್ದಳು. ರೋಗಕ್ಕೆ ಮೂಲ ಜೇನುತುಪ್ಪ. ಸಂಘಕ್ಕೆ ಬರುವ ಪ್ರತಿಯೊಬ್ಬನ ಕೈಯಲ್ಲೂ ತುಪ್ಪ, ಬಾಗಿಲಿನ ಚಿಲಕದಲ್ಲಿ ತುಪ್ಪ, ಕಾಗದದಲ್ಲಿ ತುಪ್ಪ, ಕಡೆಗೆ ಯಂತ್ರದ ಹೊಟ್ಟೆಯಲ್ಲೂ ತುಪ್ಪ. ಇರುವೆಗಳು ಅದರೊಳಗೆ ಏಳು ತಲೆಮಾರು ಸಂಸಾರ ಮಾಡಿ ಈಗ ಪಾಲಿನ ಜಗಳದಲ್ಲಿದ್ದವು. ಒಂದು ಕೀಲಿ ಒತ್ತಿದರೆ ಮೇಲೇಳುತ್ತಿರಲಿಲ್ಲ, ಅದನ್ನು ಹೇರ್‌ಪಿನ್ನಿನಿಂದ ಮೀಟಬೇಕು. ಇನ್ನೊಂದಕ್ಕೆ ಎರಡು ಏಟು ಬೇಕು. ಸಾಲು ಮುಗಿದಾಗ ಮೊಣಕಾಲಿನಿಂದ ಮೇಜಿನ ತಳಕ್ಕೆ ಒಂದು ಗುದ್ದು ಕೊಡಬೇಕು. ವನಮಾಲಾ ಇದನ್ನೆಲ್ಲ ಕಿಟಕಿಯಾಚೆ ತೀರ್ಥಹಳ್ಳಿ ಬಸ್ಸು ನೋಡುತ್ತಲೇ ಮಾಡುತ್ತಿದ್ದಳು.

ತೀರ್ಥಹಳ್ಳಿ ಬಸ್ಸಿಗೂ ಅವಳಿಗೂ ನಂಟಿತ್ತು. ಅವಳ ಗಂಡ ಚಂದ್ರಯ್ಯ ತೀರ್ಥಹಳ್ಳಿಯಲ್ಲಿ ಮೇಷ್ಟ್ರು. ಮದುವೆಯಾಗಿ ನಾಲ್ಕು ವರ್ಷವಾದರೂ ಅವರ ಸಂಸಾರ ಭಾನುವಾರಕ್ಕೆ ಭಾನುವಾರ ಮಾತ್ರ ನಡೆಯುತ್ತಿತ್ತು. ಸಂಘದ ತೀರ್ಥಹಳ್ಳಿ ಶಾಖೆಗೆ ಅವಳನ್ನು ವರ್ಗ ಮಾಡಿ ಆದೇಶವೂ ಬಂದಿತ್ತು. ಒಂದಲ್ಲ, ಮೂರು. ಪ್ರತಿ ಆದೇಶದ ಕೆಳಗೂ ಒಂದೇ ಷರತ್ತು: ಇಲ್ಲಿನ ಟೈಪಿಂಗ್ ಕೆಲಸಕ್ಕೆ ಇನ್ನೊಬ್ಬರು ಒದಗಿದ ಮೇಲಷ್ಟೇ ಬಿಡುಗಡೆ, ಮಾರ್ಚ್ ಮೂವತ್ತೊಂದರೊಳಗೆ ಒದಗದಿದ್ದರೆ ಆದೇಶ ರದ್ದು. ಎಪ್ಪತ್ತೇಳರದ್ದು ರದ್ದಾಯಿತು, ಎಪ್ಪತ್ತೆಂಟರದ್ದೂ ರದ್ದಾಯಿತು. ಈಗ ಎಪ್ಪತ್ತೊಂಬತ್ತರದ್ದು. ಇದೇ ಕೊನೆಯದು, ಶಾಖೆಯವರು ಇನ್ನು ಕಾಯುವುದಿಲ್ಲ ಎಂದು ಅಲ್ಲಿಂದ ಪತ್ರ ಬಂದಿತ್ತು. ಆ ಪತ್ರಕ್ಕೆ ಉತ್ತರ ಹೊಡೆದವಳೂ ಅವಳೇ.

ಇನ್ನೊಬ್ಬರು ಒದಗಲಿಲ್ಲವೆಂದಲ್ಲ. ಹೊಸನಗರದಿಂದ ಬಂದ ಒಬ್ಬ ಮಧ್ಯಾಹ್ನದ ಊಟಕ್ಕೆಂದು ಎದ್ದುಹೋದವನು, ಕೊಡೆ ಬಿಟ್ಟು, ಚಪ್ಪಲಿಯನ್ನೂ ಬಿಟ್ಟು ಓಡಿದ. ಅವನು ಬೇರೆ ಜಿಲ್ಲೆಯಲ್ಲಿ ಇನ್ನೂ ಓಡುತ್ತಿದ್ದಾನೆ ಎಂದು ಸುದ್ದಿ. ಸಾಗರದಿಂದ ಬಂದ ವರದಾ ಎಂಬ ಹುಡುಗಿ ಎರಡು ಗಂಟೆ ತಡೆದಳು, ಆಮೇಲೆ ಅತ್ತಳು. ಅವಳ ತಪ್ಪಲ್ಲ. ಸಾಗರದ ಇನ್‌ಸ್ಟಿಟ್ಯೂಟಿನಲ್ಲಿ ಈಗ ಕಲಿಸುವ ಯಂತ್ರದಲ್ಲಿ ಅಕ್ಷರಗಳು ಕೂರುವ ಜಾಗವೇ ಬೇರೆ. ಈ ಹಳೆಯದರಲ್ಲಿ ಅವು ಮನಸ್ಸಿಗೆ ಬಂದಲ್ಲಿ ಕೂತಿದ್ದವು. ಆ ಜಾಗ ತಿಳಿದವರು ಇಡೀ ಸೀಮೆಯಲ್ಲಿ ಇಬ್ಬರೇ ಇದ್ದರು. ಯಂತ್ರ ರಿಪೇರಿ ಮಾಡುತ್ತಿದ್ದ ಹೊಸನಗರದ ಮುದುಕ ಹಿಂದಿನ ವರ್ಷ ತೀರಿಕೊಂಡ ಮೇಲೆ ವನಮಾಲಾ ಒಬ್ಬಳೇ ಉಳಿದಳು.

ಹೊಸ ಯಂತ್ರ ತಂದರೆ ಯಾರಾದರೂ ಹೊಡೆದಾರು, ತಾನು ಹೊರಡಬಹುದು. ಇಷ್ಟು ಸಣ್ಣ ಲೆಕ್ಕ ಅವಳಿಗೆ ಎಂದೋ ಹೊಳೆದಿತ್ತು. ಜನರಲ್ ಮೀಟಿಂಗಿನಲ್ಲಿ ಎದ್ದು ನಿಂತು, ಈ ಮಿಷನ್ನು ಸತ್ತುಹೋಗಿದೆ ಎಂದು ಹೇಳಿಯೂ ಇದ್ದಳು. ಸಂಘದ ಅಧ್ಯಕ್ಷ ಹೂವಯ್ಯಗೌಡರು ಸಾವಧಾನವಾಗಿ ಕೇಳಿಸಿಕೊಂಡು, ಅವತ್ತೇ ಬೆಳಿಗ್ಗೆ ಅವಳು ಹೊಡೆದ ಪತ್ರವನ್ನು ಎತ್ತಿ ಸಭೆಗೆ ತೋರಿಸಿದರು.

“ಸತ್ತ ಮಿಷನ್ನು ಇಷ್ಟು ಮುದ್ದಾಗಿ ಹೊಡೀತದೇನ್ರಿ ಅಮ್ಮಾ? ಹಂಗಾದ್ರೆ ನಮ್ಮಲ್ಲಿ ಬದುಕಿರೋರೆಲ್ಲ ಸಾಯೋದು ಒಳ್ಳೇದು.”

ಸಭೆ ನಕ್ಕಿತು. ವನಮಾಲಾ ಕೂತಳು. ತನ್ನ ಕೈಯ ಅಚ್ಚುಕಟ್ಟುತನವೇ ತನ್ನ ಕಾಲಿಗೆ ಬಿದ್ದ ಸಂಕೋಲೆ ಎಂದು ಅವಳಿಗೆ ಅರ್ಥವಾದದ್ದು ಆವಾಗ.

ಮಾರ್ಚಿನ ಮೊದಲ ವಾರ ಅವಳು ರಿಪೇರಿ ನಿಲ್ಲಿಸಿದಳು. ಹೇರ್‌ಪಿನ್ನು ತಲೆಯಲ್ಲೇ ಇರಲಿ ಎಂದು ಬಿಟ್ಟಳು, ಮೊಣಕಾಲನ್ನು ತನ್ನ ಪಾಡಿಗೆ ಇಟ್ಟುಕೊಂಡಳು. ನಾಲ್ಕೇ ದಿನದಲ್ಲಿ ಯಂತ್ರ ಬಂಡೆಯಾಯಿತು. ಸೆಕ್ರೆಟರಿ ಹೇರಂಬ ಹೆಗಡೆಯವರು ಅದಕ್ಕೆ ಒಂದು ಬಾಟಲಿ ಕೊಬ್ಬರಿ ಎಣ್ಣೆ ಕುಡಿಸಿದರು. ಹುಲಿಯಪ್ಪ ತೆಂಗಿನಕಾಯಿ ಒಡೆದ, ಅದರ ಮೇಲೆಯೇ. ಯಾವುದಕ್ಕೂ ಅದು ಜಗ್ಗಲಿಲ್ಲ. ಕಳಿಸಬೇಕಾದ ಪತ್ರಗಳು ಹುಲಿಯಪ್ಪನ ಎದೆಯ ಎತ್ತರಕ್ಕೆ ಬೆಳೆದಾಗ ಗೌಡರು ಸೋತು, ಶಿವಮೊಗ್ಗದ ಟೈಪ್‌ರೈಟರ್ ಏಜೆಂಟನಿಗೆ ಹೇಳಿಕಳಿಸಿದರು. ಅವನು ಬರುತ್ತೇನೆಂದು ಒಪ್ಪಿಕೊಂಡದ್ದು ಮಾರ್ಚ್ ಮೂವತ್ತೊಂದಕ್ಕೆ. ಆ ಸುದ್ದಿ ಬಂದ ದಿನವೇ ವನಮಾಲಾ ಸಾಗರಕ್ಕೆ ವರದಾಗೆ ಕಾರ್ಡು ಬರೆದಳು: ಹಳೇ ರಾಕ್ಷಸ ಹೋಗುತ್ತಿದೆ, ಮೂವತ್ತೊಂದಕ್ಕೆ ಮೊದಲ ಬಸ್ಸಿಗೇ ಬಾ.

ಏಜೆಂಟ ಎರಡು ಯಂತ್ರ ತಂದ. ಒಂದು ಹಸಿರು ಬಣ್ಣದ್ದು, ಮದುವಣಗಿತ್ತಿಯ ಪೆಟ್ಟಿಗೆಯಂತೆ ಮುದ್ದಾಗಿತ್ತು, ಅಕ್ಷರಗಳ ಜಾಗ ಹಳೆಯದರಂತೆಯೇ. ಇನ್ನೊಂದು ಬೂದು ಬಣ್ಣದ್ದು, ಎಮ್ಮೆಯಂತೆ ಅಗಲ, ಸಾಗರದಲ್ಲಿ ಕಲಿಸುವಂಥದ್ದು. ಎರಡನ್ನೂ ಮೇಜಿನ ಮೇಲಿಟ್ಟು ಅವನು ದೋಸೆ ತಿನ್ನಲು ಹೋದ. ಆಫೀಸಿಗೆ ಇನ್ನೂ ಯಾರೂ ಬಂದಿರಲಿಲ್ಲ. ಇದು ತನ್ನ ಕೈಗೂ ಬರುವುದೇ ನೋಡೋಣ ಎಂದು ವನಮಾಲಾ ಬಾಗಿಲು ಮುಂದೆ ಮಾಡಿ ಬೂದು ಯಂತ್ರದ ಮುಂದೆ ಕೂತಳು. ಏಜೆಂಟನ ಮೊದಲ ದೋಸೆ ಮುಗಿಯುವಾಗ ಅಕ್ಷರಗಳೆಲ್ಲ ಅವಳಿಗೆ ಪರಿಚಯವಾಗಿದ್ದವು, ಎರಡನೆಯದು ಮುಗಿಯುವಾಗ ಅವಳ ಬೆರಳು ಕಣ್ಣಿಗೆ ಕಾಣುತ್ತಿರಲಿಲ್ಲ. ಅಂಥ ಕೈ ಅದು. ಮೂರನೆಯದಕ್ಕೆ ಅವನು ಆಸೆಪಟ್ಟಿದ್ದರೆ ಅವಳು ಸಂಘದ ಇಪ್ಪತ್ತು ವರ್ಷದ ನಡಾವಳಿಯನ್ನು ಪ್ರತಿ ಮಾಡಿ ಇಡುತ್ತಿದ್ದಳು. ಹೊಡೆದ ಹಾಳೆಯನ್ನು ಮಡಚಿ ರವಿಕೆಯೊಳಗೆ ಸೇರಿಸಿ, ಬಾಗಿಲು ತೆಗೆದು, ಏನೂ ತಿಳಿಯದವಳಂತೆ ಕಿಟಕಿಯ ಬಳಿ ನಿಂತಳು.

ಹನ್ನೊಂದಕ್ಕೆ ಕಮಿಟಿ ನೆರೆಯಿತು. ಅಷ್ಟರಲ್ಲಿ ಸಾಗರದಿಂದ ವರದಾಳೂ ಬಂದಿದ್ದಳು. ಗೌಡರ ಮನಸ್ಸು ಹಸಿರಿನ ಮೇಲಿತ್ತು. ಅಕ್ಷರದ ಜಾಗ ಹಳೆಯದೇ, ನಮ್ಮ ವನಮಾಲಮ್ಮನಿಗೆ ಹೊಸದಾಗಿ ಕಲಿಯುವ ಕಷ್ಟವಿಲ್ಲ, ಇನ್ನು ಇಪ್ಪತ್ತು ವರ್ಷ ಆರಾಮಾಗಿ ಹೊಡೆಯಬಹುದು ಎಂದು ಅವರು ಪ್ರೀತಿಯಿಂದ ಹೇಳಿದರು. ವನಮಾಲಾ ಇಪ್ಪತ್ತು ವರ್ಷವನ್ನು ಮನಸ್ಸಿನಲ್ಲೇ ಗುಣಿಸಿದಳು. ಅಂದರೆ ಸಾವಿರದ ನಲವತ್ತು ಭಾನುವಾರ. ಹಸಿರು ಬಂದರೆ ತಾನು ಇಲ್ಲೇ. ಬೂದು ಬಂದರೂ, ತಾನು ಅದನ್ನು ಹೊಡೆಯಬಲ್ಲೆ ಎಂದು ತಿಳಿದರೆ ಇಲ್ಲೇ.

ಅವಳು ಮೆಲ್ಲಗೆ, ಗೌಡ್ರೆ, ನಮ್ಮ ಆಫೀಸಿನ ತುಪ್ಪಕ್ಕೆ ಇವು ತಡೆಯುತ್ತವೋ ಇಲ್ಲವೋ ಎಂದಳು. ಇಡೀ ಕಮಿಟಿ ತಲೆದೂಗಿತು. ಎಮ್ಮೆ ಕೊಳ್ಳುವಾಗ ಹಾಲು ಕರೆದು ನೋಡುವವರು ಅವರು. ಗೌಡರು ಹುಲಿಯಪ್ಪನಿಗೆ ತುಪ್ಪ ತರಲು ಹೇಳಿದರು. ಏಜೆಂಟ ತನ್ನ ವೃತ್ತಿಯಲ್ಲಿ ಎಂಥೆಂಥ ಗಿರಾಕಿಗಳನ್ನೋ ಕಂಡಿದ್ದ, ಆದರೆ ಯಂತ್ರಕ್ಕೆ ಚಮಚದಿಂದ ಜೇನು ಉಣ್ಣಿಸುವವರನ್ನು ಕಂಡಿರಲಿಲ್ಲ. ಅವನು ಅಡ್ಡ ಬರುವುದರೊಳಗೆ ಎರಡಕ್ಕೂ ಒಂದೊಂದು ಚಮಚ ಇಳಿದಿತ್ತು. ಹಸಿರಿನದು ಐದು ನಿಮಿಷದಲ್ಲಿ ಬಾಯಿ ಕಟ್ಟಿತು. ಬೂದು ಮಾತ್ರ ತುಪ್ಪ ನುಂಗಿ, ಇನ್ನೂ ಇದೆಯೇ ಎಂಬಂತೆ ಕೂತಿತ್ತು.

ಬೂದು ಗೆದ್ದಿತು. ವನಮಾಲಾ ಉಸಿರು ಬಿಡುವಷ್ಟರಲ್ಲಿ ಗೌಡರು ಇನ್ನೊಂದು ಗಂಟು ಹಾಕಿದರು. ವರದಾ ಹೊಡೆಯಲಿ, ವನಮಾಲಮ್ಮನೂ ಹೊಡೆಯಲಿ, ಯಾರ ಕೈ ಇದಕ್ಕೆ ಒಗ್ಗುವುದೋ ಅವರು ಇಲ್ಲಿ ಇರಲಿ ಎಂದರು.

ಮೊದಲು ವರದಾ ಕೂತಳು. ಗೌಡರು ಹೇಳುತ್ತ ಹೋದರು, ಅವಳು ನಿಧಾನವಾಗಿ, ಹಲ್ಲಿನ ನಡುವೆ ನಾಲಿಗೆ ಕಚ್ಚಿಕೊಂಡು, ಹತ್ತು ಸಾಲಿಗೆ ನಾಲ್ಕು ತಪ್ಪಿನಂತೆ ಹೊಡೆದಳು. ಪರವಾಗಿಲ್ಲ ಎಂದರು ಎಲ್ಲರೂ. ವನಮಾಲಾಳ ಸರದಿ ಬಂತು.

ಹುಲಿಯನ್ನು ಹಗ್ಗದಲ್ಲಿ ಹಿಡಿಯಬಹುದು, ಹತ್ತು ಬೆರಳನ್ನು ಹಿಡಿಯುವುದು ಕಷ್ಟ. ಅವಳು ತಪ್ಪು ಕೀಲಿಯ ಮೇಲೆ ಬೆರಳಿಟ್ಟರೆ ಬೆರಳು ತಾನಾಗಿ ಸರಿಯಾದ ಕೀಲಿಗೆ ಜಾರುತ್ತಿತ್ತು. ಒಂದೊಂದು ತಪ್ಪಿಗೂ ಅವಳು ಬೆವರಿನ ಒಂದೊಂದು ಕೊಡ ಸುರಿಸಿದಳು. ಮೊದಲ ಸಾಲು ಹೇಗೋ ಹದಗೆಟ್ಟಿತು. ಎರಡನೆಯದರಲ್ಲಿ ಗೌಡರು, ಅವಳ ಕಷ್ಟ ನೋಡಲಾರದೆ, ಹೇಳಿದ್ದನ್ನೇ ಬೇಗಬೇಗ ಹೇಳಿ ಮುಗಿಸಲು ಹೊರಟರು. ಆ ವೇಗಕ್ಕೆ ಹನ್ನೊಂದು ವರ್ಷದ ಅಭ್ಯಾಸ ಧಡಕ್ಕನೆ ಎದ್ದಿತು. ಒಂದೂವರೆ ಸಾಲು ಆಷಾಢದ ಜೋಗದಂತೆ ಧುಮುಕಿಬಿಟ್ಟಿತು. ಕಮಿಟಿಯವರ ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತಿತು. ಗೌಡರ ಹುಬ್ಬು ಮೇಲೇರಲು ಶುರುವಾಯಿತು. ವನಮಾಲಾ ಕಣ್ಣು ಮುಚ್ಚಿ ಎರಡೂ ಅಂಗೈಯನ್ನು ಕೀಲಿಮಣೆಯ ಮೇಲೆ ಅಪ್ಪಳಿಸಿದಳು. ಅಷ್ಟೂ ಅಕ್ಷರದ ಕಡ್ಡಿಗಳು ಒಟ್ಟಿಗೆ ಎದ್ದು ಒಂದಕ್ಕೊಂದು ಹೆಣೆದುಕೊಂಡು ನಿಂತವು.

“ಆಗಲ್ಲ ಗೌಡ್ರೆ,” ಅಂದಳು. ಆ ಎರಡು ಮಾತು ಅವಳ ಬಾಯಿಂದ ಜನ್ಮದಲ್ಲಿ ಮೊದಲ ಸಲ ಹೊರಟದ್ದು. “ಈ ಕೈ ಇದಕ್ಕೆ ಬರಲ್ಲ.”

ಗೌಡರ ಹುಬ್ಬು ಇಳಿಯಿತು. ಹೇರಂಬ ಹೆಗಡೆಯವರು ಹಾಳೆ ಎಳೆದು ಆ ಒಂದೂವರೆ ಸಾಲನ್ನು ಎರಡು ಸಲ ನೋಡಿದರು, ಅವಳ ಮುಖವನ್ನು ಒಂದು ಸಲ ನೋಡಿದರು, ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಬರುವ ಕೆಲಸವನ್ನು ಬರುವುದಿಲ್ಲ ಎಂದ ಅವಮಾನ ಅವಳ ಕಿವಿಯವರೆಗೂ ಉರಿಯುತ್ತಿತ್ತು. ಕಮಿಟಿಯವರೊಬ್ಬರು ವರದಾಗೆ, ನೀನೇ ವಾಸಿ ಮಾರಾಯ್ತಿ ಎಂದರು. ವನಮಾಲಾ ಅದಕ್ಕೂ ನಕ್ಕಳು.

ಬಿಡುಗಡೆಯ ಪತ್ರವನ್ನು ಹೊಸ ಯಂತ್ರದಲ್ಲೇ ಹೊಡೆಯಬೇಕೆಂದಾಯಿತು. ವರದಾ ಹೊಡೆದಳು. ನಾಲ್ಕು ಸಾಲಿಗೆ ಒಂದು ಗಂಟೆ ಹಿಡಿಯಿತು. ವನಮಾಲಾ ತನ್ನ ಎರಡೂ ಕೈ ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತು ಕಾದಳು. ಹೊಸ ಯಂತ್ರದ ಕೆಲಸ ಒಗ್ಗದ ಕಾರಣ ಬಿಡುಗಡೆ ಎಂದು ಗೌಡರು ಬರೆಸಿದಾಗಲೂ ಅಲ್ಲಾಡಲಿಲ್ಲ. ಮೂರು ಮುಕ್ಕಾಲಿಗೆ ರುಜು ಬಿತ್ತು, ಮೊಹರು ಬಿತ್ತು, ಪತ್ರ ಅವಳ ಕೈಗೆ ಬಂತು. ನಾಲ್ಕೂವರೆಯ ಬಸ್ಸಿಗೆ ಟ್ರಂಕು ಸಿದ್ಧವಿತ್ತು.

ಗೌಡರು ಎದ್ದು ಬಂದು ಅವಳ ಮುಂದೆ ನಿಂತರು. ಅವರ ಕಣ್ಣಿನಲ್ಲಿ ನೀರಿತ್ತು. ಒಳ್ಳೆಯ ಮನುಷ್ಯರು, ಅದರಲ್ಲಿ ಎರಡು ಮಾತಿಲ್ಲ.

“ತೀರ್ಥಹಳ್ಳೀಲಿ ಹೊಸದು ತರ್ಸೋಕೆ ಅಂತ ಇದ್ರು. ಬ್ಯಾಡ ಅಂತ ಈಗ ಫೋನ್ ಮಾಡ್ಸಿದೆ. ಅಲ್ಲಿ ಹೋಗಿ ಹೊಸ್ತರ ಮುಂದೆ ಕೂತು ನೀವು ಹಿಂಗೇ ಒದ್ದಾಡೋದು ನಂಗೆ ನೋಡಕ್ಕಾಗಲ್ಲ ತಾಯಿ. ನಿಮ್ಮ ಹಳೇದನ್ನ ನೀವೇ ತಗೊಂಡು ಹೋಗಿ. ನಿಮ್ಮ ಕೈಗೆ ಸಿಕ್ರೆ ಅದು ಹೆಂಗಿದ್ರೂ ಎದ್ದು ಕೂರ್ತದೆ.”

ವನಮಾಲಾ ಬಾಯಿ ತೆರೆದಳು. ಬೇಡ ಎನ್ನಬೇಕಾದರೆ ಹೊಸದೂ ತನ್ನ ಕೈಗೆ ಬರುತ್ತದೆ ಎನ್ನಬೇಕು. ಬರುತ್ತದೆ ಎಂದರೆ ಆ ಪತ್ರವನ್ನು ಗೌಡರು ಅವಳ ಕೈಯಿಂದಲೇ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಹೇರಂಬ ಹೆಗಡೆಯವರು ಪಕ್ಕದಿಂದ, ಬೇರೆ ಯಾರಿಗೂ ಕೇಳದಂತೆ ಹೇಳಿದರು:

“ಎಂತದೂ ಮಾತಾಡ್ಬೇಡ ಮಾರಾಯ್ತಿ. ಸುಮ್ನೆ ಬಸ್ಸು ಹತ್ತು.”

ಅವಳು ಬಾಯಿ ಮುಚ್ಚಿ ಗೌಡರಿಗೆ ಕೈ ಮುಗಿದಳು.

ಹಳೆಯ ಯಂತ್ರವನ್ನು ಹುಲಿಯಪ್ಪ ಮತ್ತು ಇನ್ನೂ ಮೂವರು ಹೊತ್ತು ತಂದರು. ಅದನ್ನು ಒಳಗೆ ತಳ್ಳಿದಾಗ ಬಸ್ಸು ಎಡಕ್ಕೆ ವಾಲಿ, ಬಲಗಡೆಯ ಟೈರು ನೆಲ ಬಿಟ್ಟಿತು ಎಂದು ಅವತ್ತು ಸರ್ಕಲ್ಲಿನಲ್ಲಿದ್ದವರೆಲ್ಲ ಇವತ್ತಿಗೂ ಆಣೆಯಿಟ್ಟು ಹೇಳುತ್ತಾರೆ. ಕಂಡಕ್ಟರು ಅದನ್ನು ಇಡಲು ಜಾಗ ಕಾಣದೆ ಅವಳ ಪಕ್ಕದ ಸೀಟಿನಲ್ಲೇ ಕೂರಿಸಿದ, ಕಿಟಕಿಯ ಕಡೆ. ಎದ್ದುಹೋಗಬೇಕೆಂದರೆ ಅವಳಿಗೆ ದಾರಿ ಇತ್ತು, ಅದಕ್ಕೆ ಇರಲಿಲ್ಲ. ಆದರೂ ತಿರುವು ಬಂದಾಗಲೆಲ್ಲ ಅದೇ ಅವಳ ಮೇಲೆ ಒರಗಿ, ಅವಳನ್ನು ಸೀಟಿನ ಅಂಚಿಗೆ ಒತ್ತಿ ಹಿಡಿಯುತ್ತಿತ್ತು. ಕೋಣಂದೂರು ದಾಟುವ ಹೊತ್ತಿಗೆ ಎರಡು ಇರುವೆ ಅವಳ ಸೆರಗಿಗೆ ವರ್ಗವಾಗಿ ಬಂದವು.

ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಚಂದ್ರಯ್ಯ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ. ಅವಳು ಕೆಳಗಿಳಿದು ಟ್ರಂಕನ್ನು ಅವನ ಕೈಗೆ ಕೊಟ್ಟಳು. ಅವನು ಬಸ್ಸಿನೊಳಗೆ ಇಣುಕಿ, ಹೊಲಿಗೆ ಮಿಷನ್ನೂ ತಂದಿಯಾ ಎಂದು ಸಂತೋಷಪಟ್ಟ. ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

“ಇನ್ನಿಬ್ಬರನ್ನ ಕರೀರಿ,” ಅಂದಳು. “ಅಂಗಿ ಬಿಚ್ಚಿಟ್ಟು ಬನ್ನಿ.”