ಬೆನ್ನಿಗೆ ಹಾಲು

ನಾನು ಕಲ್ಲಿನ ಸಿಪಾಯಿ. ಹುಟ್ಟುವ ಮುಂಚೆ ಒಂದು ಗುಡ್ಡದ ಹೊಟ್ಟೆಯಲ್ಲಿ ಮಲಗಿದ್ದೆ. ಎಷ್ಟು ಕಾಲವೋ ತಿಳಿಯದು. ಮೇಲೆ ಕುರಿಮಂದೆ ನಡೆದರೆ ಮಳೆ ಬಂತೆಂದುಕೊಳ್ಳುತ್ತಿದ್ದೆ. ಒಂದು ದಿನ ನನ್ನನ್ನು ಸೀಳಿ ಲಾರಿಗೆ ಹೇರಿದರು. ಶಿಲ್ಪಿ ವೀರಭದ್ರಾಚಾರ್ ಮೂರು ತಿಂಗಳು ಉಳಿ ಹಿಡಿದು ನನ್ನೊಳಗಿಂದ ಟೋಪಿ, ಬಂದೂಕು, ಬೂಟುಗಳನ್ನು ಹೊರಗೆ ಕರೆದರು. ಮುಖಕ್ಕೆ ಬಂದಾಗ ಅವರ ಕೈ ನಿಂತಿತು.

"ಯಾರ ಮುಖ ಮಾಡ್ಲಿ?" ಎಂದು ಸ್ಮಾರಕ ಸಮಿತಿಯವರನ್ನು ಕೇಳಿದರು.

"ಯಾರದೂ ಬೇಡ. ಸಾಮಾನ್ಯ ಸಿಪಾಯಿ, ಅಷ್ಟೇ."

ಹಾಗೆ ಯಾರದೂ ಅಲ್ಲದ ಮುಖ ಹೊತ್ತು ನಗರದ ವೃತ್ತದಲ್ಲಿ, ಮೊಣಕಾಲೆತ್ತರದ ಕಟ್ಟೆಯ ಮೇಲೆ ನಿಂತೆ. ಯುದ್ಧದಲ್ಲಿ ಮಡಿದ ಎಲ್ಲರ ನೆನಪಿಗೆ ನಾನೊಬ್ಬನೇ. ವರ್ಷಕ್ಕೆರಡು ಸಲ ಹಾರ, ಉಳಿದ ದಿನ ಪಾರಿವಾಳ. ಬಂದವರೆಲ್ಲ ಎದುರಿಗೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಹಿಂದುಗಡೆ ಯಾರೂ ಬರುತ್ತಿರಲಿಲ್ಲ.

ಒಂದು ನಾಗರ ಪಂಚಮಿಯ ಬೆಳಿಗ್ಗೆ ಚೆಲುವಾಜಮ್ಮ ಬಂದರು. ನರೆತ ತಲೆ, ಕೈಯಲ್ಲಿ ಸಣ್ಣ ತಂಬಿಗೆ. ನನ್ನನ್ನು ಬಹಳ ಹೊತ್ತು ದಿಟ್ಟಿಸಿದರು.

"ಇವನು ನಮ್ ಕೆಂಪರಾಜ ಅಲ್ಲ ಬಿಡು. ನನ್ ತಮ್ಮನ ಮೂಗು ಇಷ್ಟು ನೆಟ್ಟಗೆ ಎಲ್ಲಿತ್ತು?"

ನನಗೆ ನಾಚಿಕೆಯಾಯಿತು. ಅವರು ಸುತ್ತಿ ಹಿಂದೆ ಹೋದರು. ಆಮೇಲೆ ಮೆಲ್ಲಗೆ, "ಬೆನ್ನು ಮಾತ್ರ ಅವನದೇ" ಅಂದರು.

ಪಂಚಮಿಯಂದು ಒಡಹುಟ್ಟಿದವನ ಬೆನ್ನಿಗೆ ಹಾಲೆರೆದು ತೊಳೆಯುವುದು ಅವರ ಕಡೆಯ ಪದ್ಧತಿ. ಕೆಂಪರಾಜ ಯುದ್ಧಕ್ಕೆ ಹೋದ ಮೇಲೆ ಮನೆಗೆ ಬಂದದ್ದು ಅವನ ಟ್ರಂಕು ಮಾತ್ರ. ಅಂದಿನಿಂದ ಅವರಿಗೆ ಎರೆಯಲು ಬೆನ್ನಿರಲಿಲ್ಲ. ಕಟ್ಟೆ ಹತ್ತಿ ನನ್ನ ಬೆನ್ನಿಗೆ ಹಾಲೆರೆದರು.

ಕಾವಲುಗಾರ ಬೋರಯ್ಯ ಓಡಿ ಬಂದ. ಅವನೂ ಸೈನ್ಯದಿಂದ ನಿವೃತ್ತನಾದವನೇ.

"ಅಮ್ಮಾ, ಇಳೀರಿ! ಹಾಲು ಹಾಕಿದ್ರೆ ಇರುವೆ ಮುತ್ತುತ್ತೆ."

"ಮುತ್ಲಿ ಬಿಡಪ್ಪ, ಅವಕ್ಕೂ ಹಬ್ಬ."

"ಸಾಹೇಬ್ರು ನನ್ನ ಬೈತಾರೆ."

"ಬೈದ್ರೆ ನನ್ ಹತ್ರ ಕಳಿಸು. ಅವರಿಗೂ ಅಕ್ಕತಂಗೀರು ಇಲ್ವಾ?"

ಬೋರಯ್ಯ ಗೊಣಗುತ್ತಲೇ ಬಕೆಟ್ಟಿನಲ್ಲಿ ನೀರು ತಂದ. ಒಂಬತ್ತು ಪಂಚಮಿ ಹೀಗೇ ನಡೆಯಿತು. ಹಾಲಿನ ತಣುಪು ಗೊತ್ತಾಗುತ್ತಿತ್ತು, ಬೆರಳು ಗೊತ್ತಾಗುತ್ತಿತ್ತು. ಆದರೆ ತೊಳೆಯುವಾಗ ಅವರ ಮುಖ ಹೇಗಿರುತ್ತದೆಂದು ನಾನು ಕಂಡಿರಲಿಲ್ಲ. ಕಲ್ಲಿನ ಕತ್ತು ತಿರುಗುವುದೇ?

ಈ ವರ್ಷ ರಸ್ತೆ ಅಗಲ ಮಾಡುವವರು ಬಂದರು. ಕ್ರೇನಿನ ಹಗ್ಗದಲ್ಲಿ ತೂಗುತ್ತಾ ಬಂದು ಪಾರ್ಕಿನ ಮೂಲೆ ಸೇರಿದೆ. ಟೋಪಿಯ ಅಂಚು ಒಡೆದಿದೆ, ಬೂಟಿಗೆ ಪಾಚಿ ಹಿಡಿದಿದೆ. ಅದಕ್ಕೆ ದುಃಖವಿಲ್ಲ. ಆದರೆ ನನ್ನನ್ನು ಗೋಡೆಗೆ ಒರಗಿಸಿ ಸಿಮೆಂಟು ಹಾಕಿಬಿಟ್ಟರು. ಶ್ರಾವಣ ಹತ್ತಿರವಾದಂತೆ ನನಗೊಂದೇ ಚಿಂತೆ: ಚೆಲುವಾಜಮ್ಮ ಬಂದರೆ ಬೆನ್ನು ಎಲ್ಲಿಂದ ಕೊಡಲಿ?

ಅವರು ಬಂದರು. ಈ ಪಕ್ಕ ನೋಡಿದರು, ಆ ಪಕ್ಕ ನೋಡಿದರು. ಗೋಡೆ ಮತ್ತು ನನ್ನ ನಡುವೆ ಬೆರಳು ತೂರಿಸಲು ನೋಡಿದರು. ಉಗುರಿಗೂ ಜಾಗವಿರಲಿಲ್ಲ. ತಂಬಿಗೆ ಮಡಿಲಲ್ಲಿಟ್ಟುಕೊಂಡು ನನ್ನ ಕಾಲ ಬಳಿ, ನನ್ನ ಕಡೆಗೇ ಮುಖ ಮಾಡಿ ಕೂತುಬಿಟ್ಟರು.

"ಎದೆಗೇ ಹಾಕಿ ಅಮ್ಮ, ಏನಾಗುತ್ತೆ?" ಎಂದ, ಈಗ ಪಾರ್ಕಿನ ಕಾವಲಿಗೆ ಬಂದಿದ್ದ ಬೋರಯ್ಯ.

"ಎದೆಗೆ ಹಾರ ಹಾಕೋರು ಬೇಕಾದಷ್ಟು ಜನ ಇದಾರೆ ಕಣಪ್ಪ."

ಬೋರಯ್ಯ ಸ್ವಲ್ಪ ಹೊತ್ತು ಟೋಪಿ ತಿರುವುತ್ತಾ ನಿಂತ. ಆಮೇಲೆ ಖಾಕಿ ಅಂಗಿಯ ಗುಂಡಿ ಬಿಚ್ಚಿ, ಅವರ ಮುಂದೆ ಬೆನ್ನು ತಿರುಗಿಸಿ ಕೂತ.

"ನನ್ನದು ಆಗುತ್ತಾ ನೋಡಿ, ಅಕ್ಕಯ್ಯ."

ಚೆಲುವಾಜಮ್ಮ ತಂಬಿಗೆ ಎತ್ತಿಕೊಂಡರು. ಅಂಗೈಯಲ್ಲಿ ಹಾಲು ತುಂಬಿಕೊಂಡು ಎರೆದರು. ಬೋರಯ್ಯ ಚಳಿಗೆ ಹೆಗಲು ಕುಗ್ಗಿಸಿದ.

"ಅಲ್ಲಾಡ್ಬೇಡ್ವೋ!" ಎಂದು ಗದರಿದರು, ಹತ್ತು ವರ್ಷದ ಹುಡುಗನನ್ನು ಗದರುವಂತೆ. ಗದರುತ್ತಲೇ ಅವರ ಮುಖ ಸುಕ್ಕೆಲ್ಲ ಬಿಚ್ಚಿಕೊಂಡು, ಲಂಗ ಉಟ್ಟ ಹುಡುಗಿಯ ಮುಖವಾಯಿತು.

ಮೂಲೆಯಲ್ಲಿ ನಿಂತು ನಾನು ಅದನ್ನು ಕಣ್ತುಂಬ ನೋಡಿದೆ. ಇಷ್ಟು ವರ್ಷ ನನ್ನ ಹಿಂದೆ ಇದ್ದದ್ದು ಈ ಹುಡುಗಿ.