ಕ್ರೇನಿನ ಪಕ್ಕದ ನೀಲಿ

ಯುದ್ಧದಲ್ಲಿ ಶತ್ರು ದಾಟದಿರಲೆಂದು ನಮ್ಮ ಸೈನ್ಯವೇ ಸಿಡಿಸಿ ಹೋಗಿದ್ದ ಸೇತುವೆಯನ್ನು ಮತ್ತೆ ಕಟ್ಟಲೆಂದು ಆ ವಸಂತದಲ್ಲಿ ಪ್ಯಾರಿಸ್ಸಿನ ಹತ್ತಿರದ ನಮ್ಮೂರಿಗೆ, ವಾಜ್ ನದಿಯ ದಂಡೆಗೆ, ಒಂದು ಉಗಿ ಕ್ರೇನು ಬಂತು. ಪಾಪ್ಲರ್ ಮರಗಳನ್ನು ಚಿತ್ರಿಸಲು ನನ್ನ ಹೋಟೆಲಿನ ಮೇಲಿನ ಕೋಣೆ ಹಿಡಿದಿದ್ದ ಎವರಿಸ್ತ್ ಮೊದಲ ದಿನ ಅದಕ್ಕೆ ಹಿಡಿಶಾಪ ಹಾಕಿದ. ಮರುದಿನ ನೋಡಿದರೆ ಅದರೆದುರಿಗೇ ಕ್ಯಾನ್ವಾಸು ನಿಲ್ಲಿಸಿಕೊಂಡಿದ್ದಾನೆ! ಎಳೆ ಚಿಗುರಿನ ಮೇಲೆ ಹಾದಾಗ ಅದರ ಕರಿ ಹೊಗೆ ನೇರಳೆಯಾಗುತ್ತದಂತೆ.

ಕ್ರೇನು ನಡೆಸುತ್ತಿದ್ದವನು ಗಾಸ್ಪಾರ್. ಚಿತ್ರ ಮುಗಿಯುತ್ತ ಬಂದಾಗ, ತಾನೂ ಅದರಲ್ಲಿದ್ದೇನೆಂದು ಕೇಳಿ ಹೆಂಡತಿ ಓದಿಲ್‌ಳನ್ನು ಕರೆದುಕೊಂಡು ಓಡಿಬಂದ.

“ಎಲ್ರೀ ನಾನು?”

“ಇಗೋ, ಕ್ರೇನಿನ ಪಕ್ಕ. ಈ ನೀಲಿ.”

“ಇದಾ? ಕಾಗೆ ಹಿಕ್ಕೆ ಹಾಕ್ದಂಗಿದೆಯಲ್ಲ ಸ್ವಾಮಿ!”

ಓದಿಲ್ ಬಗ್ಗಿ ನೋಡಿ ನಕ್ಕಳು. “ಸುಮ್ನಿರಿ. ಒಂದು ಭುಜ ವಾಲಿಸ್ಕೊಂಡು ನಿಲ್ತೀರಲ್ಲ, ಹಾಗೇ ಇದೆ. ನೀವೇ ಕಣ್ರೀ.”

ಎವರಿಸ್ತ್‌ನ ಮುಖ ಅರಳಿತು. ಅವನ ಚಿತ್ರವನ್ನು ಯಾರಾದರೂ ಹಾಗೆ ಗುರುತಿಸಿದ್ದು ಕಡಿಮೆ. ಪ್ಯಾರಿಸ್ಸಿನಲ್ಲಿ ನಗುವವರೇ ಹೆಚ್ಚು.

ಬೇಸಿಗೆಯ ಕೊನೆಗೆ ಅಲ್ಲಿಂದಲೇ ಚಿತ್ರ ಕೊಳ್ಳಲು ಒಬ್ಬ ಗಿರಾಕಿ ಬಂದ. “ನದಿ ಚೆನ್ನಾಗಿದೆ, ಯಂತ್ರನೂ ಚೆನ್ನಾಗಿದೆ. ನಡುವೆ ಈ ಮನುಷ್ಯ ಯಾಕ್ರೀ ಅಡ್ಡ?” ಎಂದ.

ನಾನು ಅಲ್ಲೇ ಅಂಗಳದಲ್ಲಿ ಅವರೆ ಬಿಡಿಸುತ್ತಿದ್ದೆ. ಎವರಿಸ್ತ್ ಅವನೆದುರಿಗೇ ಚೂರಿಯಿಂದ ಆ ನೀಲಿಯನ್ನು ಕೆರೆದು, ಅಲ್ಲಿ ನದಿಯ ನೀರು ಬಳಿದುಬಿಟ್ಟ. ಹೇಳಿಕಳಿಸುತ್ತೇನೆ ಎಂದು ಹೋದ ಗಿರಾಕಿ ಮತ್ತೆ ಈ ಕಡೆ ತಲೆಹಾಕಲಿಲ್ಲ.

ನವೆಂಬರಿನ ನೆರೆಗೆ ದಂಡೆ ಕುಸಿಯಿತು. ಕ್ರೇನು ಗಾಸ್ಪಾರ್‌ನನ್ನೂ ಸೇರಿಸಿಕೊಂಡು ನೀರಿಗೆ ಉರುಳಿತು.

ಮಣ್ಣು ಮಾಡಿದ ವಾರಕ್ಕೆ ಓದಿಲ್ ಬಂದಳು. “ಅವರದು ಒಂದು ಫೋಟೋನೂ ಇಲ್ಲ. ಆ ಚಿತ್ರ ಒಂದ್ಸಲ ನೋಡ್ತೀನಿ.”

“ನಾಳೆ ಬಾಮ್ಮ,” ಎಂದ ಎವರಿಸ್ತ್. ಅವಳ ಮುಖ ನೋಡದೆಯೇ ಹೇಳಿದ.

ಅಂದು ಅವನು ಊಟಕ್ಕೆ ಕೆಳಗಿಳಿಯಲಿಲ್ಲ. ನೀಲಿ ಇಟ್ಟ, ಒರೆಸಿದ, ಮತ್ತೆ ಇಟ್ಟ. ಮರುದಿನ ಓದಿಲ್ ಬಹಳ ಹೊತ್ತು ನೋಡಿದಳು.

“ಇದು ಬೇರೆ ಯಾರೋ,” ಎಂದಳು.

ಅವನು ನಡೆದದ್ದನ್ನೆಲ್ಲ ಹೇಳಿದ. ಅವಳು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೇ ಚೆನ್ನಾಗಿತ್ತು.

“ನನಗೆ ಕೈಗೆ ಬರ್ತಿಲ್ಲ,” ಎಂದ ಎವರಿಸ್ತ್. “ಅವನು ಹೇಗೆ ನಿಲ್ತಿದ್ದ, ನೀನಾದ್ರೂ ತೋರಿಸು ತಾಯಿ.”

ಓದಿಲ್ ಶಾಲು ತೆಗೆದು ಕುರ್ಚಿಯ ಮೇಲಿಟ್ಟು, ಕಿಟಕಿಯ ಬೆಳಕಿಗೆ ಬಂದು ನಿಂತಳು. ಎಡ ಭುಜ ಇಳಿಸಿದಳು. ಅಲ್ಲವೆನ್ನುವಂತೆ ತಲೆಯಾಡಿಸಿ ಬಲ ಭುಜ ಇಳಿಸಿದಳು. ಸ್ವಲ್ಪ ಹೊತ್ತು ಹಾಗೇ ನಿಂತು, ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿದಳು.

“ಯಾವ ಕಡೆಗಕ್ಕಾ?”

ನನಗೂ ಗೊತ್ತಿರಲಿಲ್ಲ.

ಕ್ರಿಸ್‌ಮಸ್ಸಿಗೆ ಮುಂಚೆ ಅವಳು ಅಮಿಯೆನ್ ಊರಿನಲ್ಲಿದ್ದ ತಂಗಿಯ ಮನೆಗೆ ಹೊರಟುಹೋದಳು. ಎವರಿಸ್ತ್ ಕೊಡಲು ಹೋದ ಆ ಚಿತ್ರವನ್ನು ಬೇಡವೆಂದಳು.